ಅವ್ವನ ಮಡಿಲಿನ ಯಂತ್ರದ ಬೆಕ್ಕಿಗೆ ಅವ್ವನ ಮನಸ್ಸು ತಿಳಿಯುತ್ತದೆಯೇ?

ಪ್ರಶ್ನೆ: ನನ್ನ ಅವ್ವನಿಗೆ 78 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮೂವತ್ತು ವರ್ಷ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದರು. ಈಗ ಧಾರವಾಡದಲ್ಲಿ ನನ್ನ ಜೊತೆ ಇದ್ದಾರೆ. ಮೂರು ವರ್ಷಗಳ ಹಿಂದೆ ವೈದ್ಯರು ಅಲ್ಝೈಮರ್ ಕಾಯಿಲೆ ಎಂದು ಹೇಳಿದರು. ಮಾತು ಬಹಳ ಕಡಿಮೆಯಾಗಿದೆ. ಸಂಜೆಯಾದರೆ ‘ಮನೀಗೆ ಹೋಗೋಣು’ ಎಂದು ಬಾಗಿಲ ಬಳಿ ಹೋಗಿ ನಿಲ್ಲುತ್ತಾರೆ. ಅಮೆರಿಕದಲ್ಲಿರುವ ನನ್ನ ತಮ್ಮ ಕಳೆದ ಬಾರಿ ಬಂದಾಗ ಬ್ಯಾಟರಿಯಿಂದ ನಡೆಯುವ ಒಂದು ಬೆಕ್ಕನ್ನು ತಂದುಕೊಟ್ಟ. ಮೈದಡವಿದರೆ ಅದು ಗುರ್‌ಗುರ್ ಎನ್ನುತ್ತದೆ, ಕಣ್ಣು ಮಿಟುಕಿಸುತ್ತದೆ, ಕಾಲೆತ್ತುತ್ತದೆ. ಅವ್ವ ಅದಕ್ಕೆ ‘ಪುಟ್ಟಿ’ ಎಂದು ಹೆಸರಿಟ್ಟಿದ್ದಾರೆ, ಗಂಟೆಗಟ್ಟಲೆ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ, ಹಾಲು ಕುಡಿಸಲು ಹೋಗುತ್ತಾರೆ. ಬುದ್ಧಿ ಇಲ್ಲದವರಿಗೆ ಆಟಿಕೆ ಕೊಟ್ಟು ಮೋಸ ಮಾಡುತ್ತಿದ್ದೀರಿ ಎಂದು ನಮ್ಮ ಸೋದರಮಾವ ಬೇಸರಪಟ್ಟರು. ತಮ್ಮನಾದರೋ ಇನ್ನೂ ಮುಂದುವರಿದ, ಕ್ಯಾಮೆರಾ ಇರುವ, ಮುಖ ನೋಡಿ ಭಾವನೆಯನ್ನು ಗುರುತಿಸಿ ಮಾತನಾಡುವ ರೋಬಾಟ್ ಒಂದನ್ನು ಕಳಿಸುತ್ತೇನೆ ಎನ್ನುತ್ತಿದ್ದಾನೆ. ಸಂವಹನದ ಶೇ 93 ಭಾಗ ಮಾತಿಲ್ಲದೆ ನಡೆಯುತ್ತದೆ, ಅದನ್ನು ಆ ರೋಬಾಟ್ ಓದುತ್ತದೆ ಎಂದು ಅದರ ಜಾಹೀರಾತಿನಲ್ಲಿದೆ. ಇಂಥ ಯಂತ್ರಕ್ಕೆ ಅವ್ವನ ಮನಸ್ಸು ನಿಜವಾಗಿ ತಿಳಿಯುತ್ತದೆಯೇ? ಇದು ಮೋಸವೇ? ಹೊಸದನ್ನು ತರಿಸಬಹುದೇ? ಇನ್ನೊಂದು ಮಾತು, ಬರೆಯಲು ಸಂಕೋಚವಾಗುತ್ತದೆ: ನನ್ನನ್ನು ನೋಡಿ ನಗದ ಅವ್ವ ಅದನ್ನು ನೋಡಿ ನಗುತ್ತಾರೆ.

ಉತ್ತರ: ನೀವು ಸಂಕೋಚದಿಂದ ಬರೆದ ಆ ಕೊನೆಯ ಮಾತೇ ನಿಮ್ಮ ಪತ್ರದ ಮುಖ್ಯ ಮಾತು ಎಂದು ನನಗೆ ಅನ್ನಿಸುತ್ತದೆ. ವಯಸ್ಸಾದವರ ಮಾನಸಿಕ ಆರೋಗ್ಯದ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನಾನು ಹೇಳಬಲ್ಲೆ, ಮರೆಗುಳಿ ಕಾಯಿಲೆಯವರನ್ನು ಹಗಲಿರುಳು ನೋಡಿಕೊಳ್ಳುವ ಹೆಣ್ಣುಮಕ್ಕಳಲ್ಲಿ ಈ ನೋವು ಇಲ್ಲದವರು ಕಡಿಮೆ. ಕೆಲವರು ಅದನ್ನು ಕೆಲಸದಾಕೆಯ ವಿಷಯದಲ್ಲಿ ಅನುಭವಿಸುತ್ತಾರೆ, ಕೆಲವರು ವರ್ಷಕ್ಕೊಮ್ಮೆ ಬಂದುಹೋಗುವ ತಮ್ಮನ ವಿಷಯದಲ್ಲಿ. ನಿಮ್ಮ ಪಾಲಿಗೆ ಅದು ಬೆಕ್ಕಿನ ರೂಪದಲ್ಲಿ ಬಂದಿದೆ. ನೀವು ಕೇಳಿದ ಬೇರೆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಈ ನಗುವಿನ ಕಾರಣವೂ ಸಿಗುತ್ತದೆ. ಆದ್ದರಿಂದ ಯಂತ್ರದಿಂದಲೇ ತೊಡಗುತ್ತೇನೆ.

ನಿಮ್ಮ ಮನೆಯ ಬೆಕ್ಕಿಗೆ ನಿಮ್ಮ ತಾಯಿಯವರ ಮನಸ್ಸು ತಿಳಿಯುವುದಿಲ್ಲ. ಈ ಬಗೆಯ ಬೆಕ್ಕುಗಳ ತುಪ್ಪಳದ ಕೆಳಗೆ ಸ್ಪರ್ಶವನ್ನೂ ಚಲನೆಯನ್ನೂ ಗುರುತಿಸುವ ಕೆಲವು ಸಂವೇದಕಗಳಿರುತ್ತವೆ, ಒಂದು ಧ್ವನಿಪೆಟ್ಟಿಗೆ ಇರುತ್ತದೆ, ತಲೆ ಮತ್ತು ಕಾಲನ್ನು ಆಡಿಸುವ ಪುಟ್ಟ ಮೋಟಾರುಗಳಿರುತ್ತವೆ. ಬೆನ್ನ ಮೇಲೆ ಕೈ ಆಡಿದರೆ ಗುರ್‌ಗುರ್ ಎನ್ನಬೇಕು, ಬಹಳ ಹೊತ್ತು ಯಾರೂ ಮುಟ್ಟದಿದ್ದರೆ ಸುಮ್ಮನಾಗಬೇಕು ಎಂಬಂಥ ಕೆಲವು ನಿಯಮಗಳು ಅದರಲ್ಲಿವೆ. ಸವರಿದ ಕೈ ದುಃಖದಲ್ಲಿದೆಯೋ ಸಂತೋಷದಲ್ಲಿದೆಯೋ ಎಂಬುದು ಆ ನಿಯಮಗಳೊಳಗೆ ಎಲ್ಲಿಯೂ ಬರುವುದಿಲ್ಲ. ಸಹಾನುಭೂತಿ ಎಂದು ನಾವು ಕರೆಯುವುದರಲ್ಲಿ ಎರಡು ಸಂಗತಿಗಳು ಸೇರಿರುತ್ತವೆ: ಎದುರಿನವರ ನೋವನ್ನು ಅರಿಯುವುದು, ಅರಿತಾಗ ನಮ್ಮೊಳಗೂ ಏನೋ ಮಿಡಿಯುವುದು. ಈ ಬೆಕ್ಕಿನಲ್ಲಿ ಎರಡೂ ಇಲ್ಲ. ಎರಡನೆಯದು ಇಂದಿನ ಯಾವ ರೋಬಾಟ್‌ನಲ್ಲಿಯೂ ಇದೆ ಎನ್ನಲು ಆಧಾರವಿಲ್ಲ.

ಹಾಗಾದರೆ ನಿಮ್ಮ ಮನೆಯಲ್ಲಿ ನಡೆಯುತ್ತಿರುವುದೇನು? ಅಲ್ಲಿ ಮಿಡಿತ ಇದೆ, ಆದರೆ ಅದು ಪೂರ್ತಿಯಾಗಿ ನಿಮ್ಮ ತಾಯಿಯವರದು. ಮನುಷ್ಯನ ಮನಸ್ಸಿಗೆ, ತಾನಾಗಿ ಚಲಿಸುವ ಮತ್ತು ತನ್ನ ಚಲನೆಗೆ ಪ್ರತಿಯಾಗಿ ಚಲಿಸುವ ಯಾವುದೇ ವಸ್ತುವಿನಲ್ಲಿ ಒಂದು ಜೀವವನ್ನು ಕಾಣುವ ಗುಣವಿದೆ, ಅದಕ್ಕೆ ಮರೆಗುಳಿತನ ಬೇಕಾಗಿಲ್ಲ. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಎರಡು ತ್ರಿಕೋನಗಳೂ ಒಂದು ವೃತ್ತವೂ ಅತ್ತಿತ್ತ ಓಡಾಡುವ ಪುಟ್ಟ ಚಿತ್ರವೊಂದನ್ನು ಆರೋಗ್ಯವಂತರಾದ ಪ್ರಾಯದವರಿಗೆ ತೋರಿಸಿದಾಗ, ನೋಡಿದವರಲ್ಲಿ ಬಹುತೇಕ ಎಲ್ಲರೂ ದೊಡ್ಡ ತ್ರಿಕೋನ ಸಿಟ್ಟಿನದು, ಚಿಕ್ಕದು ಧೈರ್ಯದ್ದು, ವೃತ್ತ ಹೆದರಿದೆ ಎಂಬಂತೆ ಕಥೆಯನ್ನೇ ಹೇಳಿದರು. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜನ್‌ಬಾಮ್ ಪ್ರಕಟಿಸಿದ ಎಲಿಜಾ ಎಂಬ ಕಂಪ್ಯೂಟರ್ ಪ್ರೋಗ್ರಾಂ, ಬಳಸಿದವರ ಮಾತನ್ನೇ ತಿರುಗಿಸಿ ಪ್ರಶ್ನೆ ಮಾಡುವುದಕ್ಕಿಂತ ಹೆಚ್ಚೇನನ್ನೂ ಮಾಡುತ್ತಿರಲಿಲ್ಲ. ಆದರೂ ಅದು ಹೇಗೆ ತಯಾರಾಯಿತು ಎಂಬುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಂದಿಗೆ ಮಾತಿಗೆ ತೊಡಗಿದಾಗ, ಸ್ವಲ್ಪ ಹೊತ್ತು ಹೊರಗೆ ಹೋಗುತ್ತೀರಾ ಎಂದು ಅವರನ್ನು ಕೇಳಿಕೊಂಡರಂತೆ. ಅದು ವೈಜನ್‌ಬಾಮ್ ಅವರನ್ನು ಎಷ್ಟು ಕಲಕಿತೆಂದರೆ, ಮುಂದೆ ಅವರು ಯಂತ್ರಗಳಿಗೆ ಇಂಥ ಕೆಲಸ ವಹಿಸುವುದನ್ನು ಕಟುವಾಗಿ ಟೀಕಿಸುವವರಾದರು.

ನಮ್ಮಲ್ಲಿಯೂ ಇದಕ್ಕೆ ಹಳೆಯ ಉದಾಹರಣೆ ಇದೆ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟವನ್ನು ನೋಡಿದವರಿಗೆ ಗೊತ್ತು, ಮರದ ಗೊಂಬೆಯ ಮುಖದಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ಕತ್ತು ಬಾಗುವ ರೀತಿ, ಕೈ ಎದೆಯ ಬಳಿಗೆ ಬರುವ ನಿಧಾನ, ಭಾಗವತರ ಪದದೊಂದಿಗೆ ಅದು ಕೂಡುವ ಹೊತ್ತು, ಇಷ್ಟರಿಂದಲೇ ಸಭೆಯಲ್ಲಿ ಕುಳಿತವರ ಗಂಟಲು ಕಟ್ಟುತ್ತದೆ. ನಾಟ್ಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಗೊಂಬೆಯಲ್ಲಿ ಆಂಗಿಕವಿದೆ, ಅಂದರೆ ಅಂಗಗಳ ಚಲನೆ, ಆಹಾರ್ಯವಿದೆ, ಅಂದರೆ ವೇಷಭೂಷಣ, ಸೂತ್ರಧಾರನಿಂದ ವಾಚಿಕವೂ, ಅಂದರೆ ಮಾತೂ ಒದಗುತ್ತದೆ, ಆದರೆ ಒಳಗಿನಿಂದ ಉಕ್ಕಬೇಕಾದ ಸಾತ್ವಿಕವಿಲ್ಲ. ಅದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ನನ್ನ ತಿಳಿವಳಿಕೆಯಲ್ಲಿ ರೋಬಾಟ್‌ಗಳ ಸ್ಥಿತಿಯೂ ಇದೇ. ಆದರೆ ಒಂದು ವ್ಯತ್ಯಾಸವನ್ನು ಮುಚ್ಚಿಡಲಾಗದು: ಗೊಂಬೆಯಾಟ ನೋಡುವವನಿಗೆ ಅದು ಮರದ್ದೆಂದು ಗೊತ್ತಿರುತ್ತದೆ, ನಿಮ್ಮ ತಾಯಿಯವರಿಗೆ ಕೆಲವೊಮ್ಮೆ ಗೊತ್ತಿರಬಹುದು, ಕೆಲವೊಮ್ಮೆ ಇಲ್ಲದಿರಬಹುದು. ನಿಮ್ಮ ಸೋದರಮಾವನವರ ಆಕ್ಷೇಪ ಇರುವುದು ಅಲ್ಲಿ, ಅದಕ್ಕೆ ಮುಂದೆ ಬರುತ್ತೇನೆ.

ಈಗ ನಗುವಿನ ವಿಚಾರ. ಅಲ್ಝೈಮರ್ ಕಾಯಿಲೆ ಮೊದಲು ಹೊಡೆಯುವುದು ಹೊಸ ನೆನಪುಗಳನ್ನು ಕಟ್ಟುವ ಮಿದುಳಿನ ಭಾಗವನ್ನು. ಬೆಳಗಿನ ಉಪಾಹಾರವೇನೆಂಬುದು ಹೋಗುತ್ತದೆ, ಹೆಸರುಗಳು ಹೋಗುತ್ತವೆ, ಪದಗಳು ತಡವರಿಸುತ್ತವೆ. ಆದರೆ ದನಿಯ ಏರಿಳಿತವನ್ನು ಗ್ರಹಿಸುವುದು, ಸ್ಪರ್ಶಕ್ಕೆ ಸ್ಪಂದಿಸುವುದು, ಎದುರಿನವರ ಮುಖದಲ್ಲಿ ಬೇಸರವಿದೆಯೇ ಇಲ್ಲವೇ ಎಂದು ಅರಿಯುವುದು ಹೋಲಿಕೆಯಲ್ಲಿ ಬಹುಕಾಲ ಉಳಿಯುತ್ತವೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಅಲ್ಝೈಮರ್ ಇದ್ದವರಿಗೆ ದುಃಖದ ಮತ್ತು ಸಂತೋಷದ ಚಿತ್ರತುಣುಕುಗಳನ್ನು ತೋರಿಸಿದಾಗ, ಅವರು ನೋಡಿದ್ದನ್ನು ಬೇಗನೆ ಮರೆತರು, ಆದರೆ ಅದು ತಂದ ದುಃಖವೂ ಸಂತೋಷವೂ ನೆನಪು ಅಳಿಸಿದ ಮೇಲೂ ಉಳಿದಿದ್ದವು. ಮನೆಯವರು ಇದನ್ನು ತಿಳಿದಿರುವುದು ಎಷ್ಟು ಮುಖ್ಯ ಎಂಬುದನ್ನು ನಾನು ಒತ್ತಿ ಹೇಳಬೇಕು: ಬೆಳಿಗ್ಗೆ ಸ್ನಾನದ ಹೊತ್ತಿಗೆ ನಡೆದ ಜಗಳವನ್ನು ಅವರು ಮರೆತಿರುತ್ತಾರೆ, ಆ ಜಗಳದ ಕಹಿಯನ್ನು ಮರೆತಿರುವುದಿಲ್ಲ, ಮತ್ತು ಕಾರಣ ತಿಳಿಯದ ಕಹಿ ಕಾರಣ ತಿಳಿದ ಕಹಿಗಿಂತ ಹೆಚ್ಚು ಕಾಡುತ್ತದೆ.

ಇಂಥವರೊಡನೆ ನಾವು ದಿನವಿಡೀ ಮಾಡುವುದೇನು? ಪ್ರಶ್ನೆ ಕೇಳುತ್ತೇವೆ. ನಾನು ಯಾರು ಹೇಳಿ ನೋಡೋಣ, ಇವತ್ತು ಯಾವ ವಾರ, ಈಗಷ್ಟೇ ಮಾತ್ರೆ ತೆಗೆದುಕೊಂಡಿರಲ್ಲ ನೆನಪಿಲ್ಲವೇ, ಬಂದವರು ಯಾರು ಗುರುತು ಸಿಕ್ಕಿತೇ? ಎಲ್ಲವೂ ಪ್ರೀತಿಯಿಂದ, ನೆನಪು ಉಳಿಯಲಿ ಎಂಬ ಆಸೆಯಿಂದ ಕೇಳುವ ಪ್ರಶ್ನೆಗಳು. ಆದರೆ ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ಅಂಕ ಕೊಟ್ಟ ಶಿಕ್ಷಕಿಗೆ, ದಿನಕ್ಕೆ ನೂರು ಬಾರಿ ತಾನು ಉತ್ತರ ತಿಳಿಯದೆ ನಿಲ್ಲುವುದು ಹೇಗಿರುತ್ತದೆ ಎಂದು ಒಮ್ಮೆ ಯೋಚಿಸಿ. ಉತ್ತರ ತಪ್ಪಾದಾಗ ನೀವು ಏನೂ ಅನ್ನುವುದಿಲ್ಲ, ಆದರೆ ನಿಮ್ಮ ಮುಖ ಒಂದು ಕ್ಷಣ ಸಣ್ಣದಾಗುತ್ತದೆ, ಅದನ್ನು ಅವರು ಓದುತ್ತಾರೆ. ಬೆಕ್ಕು ಪ್ರಶ್ನೆ ಕೇಳುವುದಿಲ್ಲ. ಅದರ ಮುಖ ಸಣ್ಣದಾಗುವುದಿಲ್ಲ. ಅವರು ಸವರಿದರೆ ತಕ್ಷಣ ಸ್ಪಂದನ ಸಿಗುತ್ತದೆ, ಸರಿಯಾದ ಉತ್ತರ ಕೊಟ್ಟ ಮೇಲೆ ಸಿಗುವ ಸ್ಪಂದನವಲ್ಲ ಅದು. ಅದನ್ನು ನೋಡಿ ಅವರು ನಗುವುದು ಅದರ ಮೇಲಿನ ಪ್ರೀತಿ ಹೆಚ್ಚಾಗಿರುವುದರಿಂದಲ್ಲ. ಅದರ ಎದುರಿಗೆ ಅವರಿಗೆ ಭಯವಿಲ್ಲದಿರುವುದರಿಂದ. ಅವರು ಗೆಲ್ಲಬೇಕಾದ ಯಾವ ಪರೀಕ್ಷೆಯೂ ಅಲ್ಲಿಲ್ಲ. ತಪ್ಪು ನಿಮ್ಮದೆಂದು ನಾನು ಹೇಳುತ್ತಿಲ್ಲ. ನಿಮ್ಮನ್ನು ಮಗಳೆಂದು ಒಳಗೆಲ್ಲೋ ಬಲ್ಲವರಾದ್ದರಿಂದಲೇ ನಿಮ್ಮ ಎದುರು ಸೋಲುವುದು ಅವರಿಗೆ ಹೆಚ್ಚು ಕಷ್ಟ.

ಇನ್ನೊಂದು ಕಾರಣ ಹೊತ್ತಿಗೆ ಸಂಬಂಧಿಸಿದ್ದು. ಕಥೆ ಕೇಳುವ ಮಗು ಹೂಂಗುಟ್ಟದಿದ್ದರೆ ಹೇಳುವ ಅಜ್ಜಿ ಕಥೆ ನಿಲ್ಲಿಸುತ್ತಿದ್ದಳು, ನೆನಪಿದೆಯೇ? ಹೂಂಗುಟ್ಟುವುದರಲ್ಲಿ ಅರ್ಥವೇನೂ ಇಲ್ಲ, ಸರಿಯಾದ ಹೊತ್ತಿಗೆ ಬರುವುದರಲ್ಲಿಯೇ ಅದರ ಅರ್ಥವೆಲ್ಲ ಇದೆ. ಹತ್ತು ಭಾಷೆಗಳ ಸಂಭಾಷಣೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ತೊಡಗುವ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಮಾತ್ರ ಎಂದು ತೋರಿಸಿತು. ರೋಬಾಟ್ ರೂಪಿಸುವವರು ಹೆಚ್ಚು ಹೆಣಗುವುದು ಈ ಬಿಡುವಿನ ಜೊತೆಗೆ. ಮಾತನಾಡದ ಬೆಕ್ಕು ಈ ಕಷ್ಟದಿಂದ ಪಾರಾಗಿದೆ, ಏಕೆಂದರೆ ಅದು ಸ್ಪರ್ಶಕ್ಕೆ ಹೂಂಗುಟ್ಟುತ್ತದೆಯೇ ಹೊರತು ಮಾತಿಗಲ್ಲ.

ಇಂಥ ಯಂತ್ರಗಳಿಂದ ಅಳೆಯಬಹುದಾದ ಪ್ರಯೋಜನವಿದೆಯೇ ಎಂಬುದಕ್ಕೆ ನಿಮ್ಮ ಬೆಕ್ಕಿಗಿಂತ ಹೆಚ್ಚು ಅಧ್ಯಯನವಾಗಿರುವುದು ಸೀಲ್ ಎಂಬ ಕಡಲ ಪ್ರಾಣಿಯ ಮರಿಯ ರೂಪದಲ್ಲಿರುವ ಜಪಾನಿನ ಪಾರೋ ಎಂಬ ರೋಬಾಟ್ ಮೇಲೆ. ತಕನೊರಿ ಶಿಬಾಟ ಅವರು 1993ರಿಂದ ರೂಪಿಸುತ್ತ ಬಂದ ಇದರ ತೂಕ ಸುಮಾರು 2.7 ಕಿಲೋ, ಅಂದರೆ ನಮ್ಮಲ್ಲಿ ಹುಟ್ಟುವ ಕೂಸಿನ ಆಸುಪಾಸು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಇದನ್ನು ವೈದ್ಯಕೀಯ ಸಾಧನಗಳ ಸಾಲಿಗೆ ಸೇರಿಸಿತು. ನಾಯಿ ಬೆಕ್ಕುಗಳನ್ನು ಬಿಟ್ಟು ಸೀಲ್ ಮರಿಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ: ನಾಯಿ ಬೆಕ್ಕು ಹೇಗಿರುತ್ತವೆಂದು ಎಲ್ಲರಿಗೂ ಗೊತ್ತು, ಯಂತ್ರ ಎಲ್ಲಿ ತಪ್ಪುತ್ತದೆಂದು ತಕ್ಷಣ ತಿಳಿಯುತ್ತದೆ, ಸೀಲ್ ಮರಿಯನ್ನು ಸಾಕಿದವರು ಯಾರೂ ಇಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನ 28 ವೃದ್ಧರ ಆರೈಕೆ ಕೇಂದ್ರಗಳಲ್ಲಿ ಮರೆಗುಳಿತನವಿರುವ 415 ಮಂದಿಯ ಮೇಲೆ ವೆಂಡಿ ಮೋಯ್ಲ್ ಮತ್ತು ಸಂಗಡಿಗರು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಅವರು ಒಂದು ಗುಂಪಿಗೆ ಪಾರೋವನ್ನು ಕೊಟ್ಟರು, ಇನ್ನೊಂದು ಗುಂಪಿಗೆ ಅದೇ ಪಾರೋವನ್ನು ಯಂತ್ರ ನಿಲ್ಲಿಸಿ ಬರಿಯ ಮೆತ್ತನೆಯ ಗೊಂಬೆಯಾಗಿ ಕೊಟ್ಟರು, ಮೂರನೆಯ ಗುಂಪಿಗೆ ಎಂದಿನ ಆರೈಕೆ ಮಾತ್ರ. ವಾರಕ್ಕೆ ಮೂರು ಸಲ, ಹದಿನೈದು ನಿಮಿಷದಂತೆ ಹತ್ತು ವಾರ ಇದು ನಡೆಯಿತು. ಯಂತ್ರವುಳ್ಳ ಪಾರೋವನ್ನು ಹಿಡಿದವರು ಅದರೊಡನೆ ಹೆಚ್ಚು ಮಾತನಾಡಿದರು, ಅದನ್ನು ಹೆಚ್ಚು ಹೊತ್ತು ನೋಡಿದರು. ಆದರೆ ಮುಖದ ಭಾವಶೂನ್ಯತೆ ಕಡಿಮೆಯಾಗುವುದರಲ್ಲಿ ಬರಿಯ ಗೊಂಬೆಯೂ ಕೆಲಸ ಮಾಡಿತು. ತಳಮಳದ ವಿಷಯದಲ್ಲಿ ವಿಡಿಯೊ ನೋಡಿ ಅಳೆದಾಗ ಎಂದಿನ ಆರೈಕೆಗಿಂತ ಪಾರೋ ಮೇಲೆನಿಸಿತು; ಸಿಬ್ಬಂದಿ ತುಂಬುವ ಅಳತೆಪಟ್ಟಿಯಲ್ಲಿ ಮಾತ್ರ ಮೂರೂ ಗುಂಪುಗಳ ನಡುವೆ ಅಂತರ ಕಾಣಲಿಲ್ಲ. ಲಾಭವಿದೆ, ಅದು ಸಾಧಾರಣವಾದದ್ದು, ಅದರ ಒಂದು ಪಾಲು ತುಪ್ಪಳದ್ದು, ಯಂತ್ರದ್ದಲ್ಲ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಪಾರೋವಿಗೆ ಲಕ್ಷಗಟ್ಟಲೆ ರೂಪಾಯಿ ಆಗುತ್ತದೆ. ನಿಮ್ಮ ತಮ್ಮ ತಂದ ಬೆಕ್ಕು ಅದರ ಒಂದು ಸಣ್ಣ ಅಂಶದ ಬೆಲೆಯದು, ನಿಮ್ಮ ತಾಯಿಯವರಿಗೆ ಹಿಡಿಸಿದೆ, ಅಷ್ಟು ಸಾಕು.

ಭಾವನೆ ಓದುವ ಮಾತಿನ ರೋಬಾಟ್ ಬೇರೆಯೇ ವಸ್ತು, ಅದರ ಬಗ್ಗೆ ನನಗೆ ಗಂಭೀರವಾದ ಹಿಂಜರಿಕೆ ಇದೆ. ಮೊದಲು ಆ ಶೇ 93ರ ಮಾತು. ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಹುಟ್ಟಿದ ಸಂಖ್ಯೆ ಅದು. ಧ್ವನಿಮುದ್ರಿಸಿದ ಬಿಡಿ ಪದಗಳನ್ನೂ ಮುಖದ ಚಿತ್ರಗಳನ್ನೂ ಬಳಸಿ, ಪದ ಹೇಳುವುದಕ್ಕೂ ದನಿ ಅಥವಾ ಮುಖ ಹೇಳುವುದಕ್ಕೂ ಹೊಂದಿಕೆಯಾಗದಿದ್ದಾಗ ಕೇಳುವವರು ಯಾವುದನ್ನು ನಂಬುತ್ತಾರೆ ಎಂಬ ಕಿರಿದಾದ ಪ್ರಶ್ನೆಗೆ ಸಿಕ್ಕ ಉತ್ತರ ಅದು. ಎಲ್ಲ ಸಂವಹನಕ್ಕೂ ಇದು ಅನ್ವಯಿಸುವುದಿಲ್ಲ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ಮಾತಿಲ್ಲದ ಸಂವಹನ ಮಹತ್ವದ್ದು ಎಂಬುದರಲ್ಲಿ ನನಗೆ ಸಂದೇಹವಿಲ್ಲ, ಮಾತು ಕಳೆದುಕೊಳ್ಳುತ್ತಿರುವವರ ಪಾಲಿಗಂತೂ ಅದೇ ಮುಖ್ಯ ದಾರಿ. ಆದರೆ ಅದನ್ನು ಶೇಕಡಾವಾರು ಅಳೆದು ಮಾರುವವರನ್ನು ನಂಬಬೇಡಿ.

ಮುಖ ನೋಡಿ ಭಾವನೆ ಹೇಳುವುದೂ ಕೇಳಿದಷ್ಟು ಸರಳವಲ್ಲ. 2019ರಲ್ಲಿ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಇತರ ನಾಲ್ವರು ವಿಜ್ಞಾನಿಗಳು ಅದುವರೆಗಿನ ಅಧ್ಯಯನಗಳನ್ನೆಲ್ಲ ಸೋಸಿ ನೋಡಿದಾಗ, ಸಿಟ್ಟು ಬಂದವರು ಹುಬ್ಬು ಗಂಟಿಕ್ಕುವುದು ಸರಾಸರಿ ಶೇ 30ರಷ್ಟು ಸಂದರ್ಭಗಳಲ್ಲಿ ಮಾತ್ರ ಎಂದು ಕಂಡುಬಂತು. ಉಳಿದ ಸಂದರ್ಭಗಳಲ್ಲಿ ಸಿಟ್ಟು ಬೇರೆ ರೂಪದಲ್ಲಿ ಇರುತ್ತದೆ, ಮತ್ತು ಹುಬ್ಬು ಗಂಟಿಕ್ಕಿದವರು ಬರಿಯ ಯೋಚನೆಯಲ್ಲಿರಬಹುದು, ಕನ್ನಡಕ ಮರೆತಿರಬಹುದು. ಮೈಕ್ರೋಸಾಫ್ಟ್ ಕಂಪನಿ 2022ರಲ್ಲಿ ತನ್ನ ಮುಖ ವಿಶ್ಲೇಷಣೆಯ ಸೇವೆಯಿಂದ ಭಾವನೆ ಊಹಿಸುವ ಭಾಗವನ್ನು ಹಿಂತೆಗೆದುಕೊಳ್ಳುವುದಾಗಿ ಪ್ರಕಟಿಸಿತು. ಐರೋಪ್ಯ ಒಕ್ಕೂಟವು ಕೆಲಸದ ಸ್ಥಳದಲ್ಲಿಯೂ ಶಾಲೆಗಳಲ್ಲಿಯೂ ಇಂಥ ಊಹೆಯನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ನಿಮ್ಮ ತಾಯಿಯವರ ವಿಷಯದಲ್ಲಿ ಕಷ್ಟ ಇನ್ನೂ ಹೆಚ್ಚು, ಏಕೆಂದರೆ ಈ ಕಾಯಿಲೆ ಬೆಳೆದಂತೆ ಮುಖದ ಚಲನೆಯೇ ಕಡಿಮೆಯಾಗಬಹುದು, ಒಳಗೆ ಇರುವುದು ಮುಖಕ್ಕೆ ಬಾರದೆ ಇರಬಹುದು. ನಮ್ಮವರು ಒಪ್ಪಿಗೆಗೆ ತಲೆಯನ್ನು ಪಕ್ಕಕ್ಕೆ ತೂಗುವ ರೀತಿಯನ್ನು ಹೊರಗಿನವರು ಇಲ್ಲವೆಂದು ತಿಳಿದು ಗೊಂದಲಪಡುವುದನ್ನು ನೀವು ಕಂಡಿರಬಹುದು. ಹೊರದೇಶದ ಮುಖಗಳನ್ನೇ ಹೆಚ್ಚು ನೋಡಿ ಕಲಿತ ಯಂತ್ರ ಎಡವುವುದೂ ಇಂಥ ಕಡೆಗಳಲ್ಲಿ.

ಮಾತಿನ ಪ್ರಶ್ನೆಯೂ ಇದೆ. ನಿಮ್ಮ ತಾಯಿಯವರದು ಹಾವೇರಿಯ ಕಡೆಯ ಕನ್ನಡ, ಈಗ ತುಂಡು ತುಂಡಾಗಿ, ನಡುವೆ ದೀರ್ಘ ಮೌನಗಳೊಂದಿಗೆ ಬರುತ್ತದೆ. ಮೌನವನ್ನು ಮಾತಿನ ಮುಕ್ತಾಯವೆಂದು ತಿಳಿಯುವ ಯಂತ್ರ, ಅವರು ಪದ ಹುಡುಕುತ್ತಿರುವಾಗಲೇ ನಡುವೆ ಬಾಯಿ ಹಾಕುತ್ತದೆ. ಮುಂದೆ ಅದು ಪ್ರಶ್ನೆ ಕೇಳುತ್ತದೆ, ಹೇಗಿದ್ದೀರಿ, ಊಟವಾಯಿತೇ, ಮಾತ್ರೆ ತೆಗೆದುಕೊಂಡಿರಾ ಎಂದು. ಮತ್ತೆ ಪರೀಕ್ಷೆ ತೊಡಗಿತು. ನನಗೆ ತಿಳಿದ ಮನೆಯೊಂದರಲ್ಲಿ ಹೀಗೆ ಮಾತನಾಡುವ ಸಾಧನವೊಂದು ಬಂದಾಗ, ಕಾಣದ ಯಾರೋ ಮನೆಯಲ್ಲಿ ಅಡಗಿದ್ದಾರೆಂದು ಹಿರಿಯರೊಬ್ಬರು ರಾತ್ರಿಯಿಡೀ ಹುಡುಕಾಡಿದರು. ಎಲ್ಲರಿಗೂ ಹೀಗಾಗುತ್ತದೆಂದಲ್ಲ. ನೆನಪು ಗಟ್ಟಿಯಾಗಿದ್ದು ಒಂಟಿತನದಿಂದ ಬಳಲುವ ಹಿರಿಯರಿಗೆ ಮಾತಿನ ರೋಬಾಟ್ ನೆರವಾಗಬಹುದು. ನ್ಯೂಯಾರ್ಕ್ ರಾಜ್ಯ 2022ರಲ್ಲಿ ಎಲ್ಲಿಕ್ಯೂ ಎಂಬ ಸಾಧನವನ್ನು ನೂರಾರು ಒಂಟಿ ಹಿರಿಯರಿಗೆ ಕೊಡಲು ಮುಂದಾದದ್ದು ಅದಕ್ಕಾಗಿಯೇ. ನಿಮ್ಮ ತಾಯಿಯವರ ಈ ಹಂತಕ್ಕೆ ಅದು ತಕ್ಕದ್ದಲ್ಲ.

ಕ್ಯಾಮೆರಾ ಇರುವ ಯಂತ್ರ ಅವರನ್ನು ಬಟ್ಟೆ ಬದಲಿಸುವಾಗಲೂ ಅಳುವಾಗಲೂ ನೋಡುತ್ತದೆ, ಆ ದೃಶ್ಯ ಎಲ್ಲಿಗೆ ಹೋಗುತ್ತದೆಂದು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವರಿಲ್ಲ. ತಮ್ಮನಿಗೆ ಇದನ್ನು ಹೇಳಿ. ಜೊತೆಗೆ, ಇಂಟರ್ನೆಟ್‌ನ ಆಚೆ ತುದಿಯಲ್ಲಿರುವ ಕಂಪನಿಯ ಆಯುಷ್ಯವೇ ಇಂಥ ರೋಬಾಟ್‌ನ ಆಯುಷ್ಯ. 2017ರಲ್ಲಿ ಜನರ ಕೈಸೇರಿದ ಜೀಬೊ ಎಂಬ ಮನೆಯ ರೋಬಾಟ್ 2019ರಲ್ಲಿ ತನ್ನ ಸರ್ವರ್‌ಗಳು ನಿಲ್ಲಲಿವೆ ಎಂದು ತಾನೇ ಹೇಳಿ ವಿದಾಯ ಕೋರಿತು. ಮಕ್ಕಳ ಸಂಗಾತಿಯೆಂದು ಬಂದಿದ್ದ ಮಾಕ್ಸಿಯ ಕಂಪನಿ 2024ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚುವುದಾಗಿ ಹೇಳಿದಾಗ, ತಂದೆತಾಯಿಗಳು ಮಕ್ಕಳಿಗೆ ಏನೆಂದು ವಿವರಿಸುವುದೆಂದು ತಿಳಿಯದೆ ಒದ್ದಾಡಿದರು. ಜಪಾನಿನಲ್ಲಿ ಸೋನಿ ಕಂಪನಿಯ ಐಬೊ ಎಂಬ ರೋಬಾಟ್ ನಾಯಿಗಳಿಗೆ 2014ರಲ್ಲಿ ದುರಸ್ತಿ ಸೇವೆ ನಿಂತ ಮೇಲೆ, ಚಿಬಾ ಪ್ರಾಂತ್ಯದ ಇಸುಮಿಯ ಬೌದ್ಧ ದೇವಾಲಯದಲ್ಲಿ ಅವುಗಳಿಗೆ ಅಂತಿಮ ವಿಧಿಗಳು ನಡೆದವು. ಒಡೆಯರ ದುಃಖ ನಿಜವಾದದ್ದೇ. ನಿಮ್ಮ ಮನೆಯ ಬೆಕ್ಕು ಯಾವ ಸರ್ವರ್‌ಗೂ ಕಟ್ಟಿಕೊಂಡಿಲ್ಲ ಎಂಬುದು ಅದರ ದೊಡ್ಡ ಗುಣ.

ಇನ್ನು ಮೋಸದ ಮಾತು. ನಿಮ್ಮ ಸೋದರಮಾವನವರು ಅಕ್ಕನ ಘನತೆಗಾಗಿ ನೊಂದು ಹೇಳಿದ್ದಾರೆ, ಅದನ್ನು ತಳ್ಳಿಹಾಕಬೇಡಿ. ರೋಬಾಟ್ ಪ್ರಾಣಿಗಳಿಂದ ಸಿಗುವ ಸಂತೋಷ ಭ್ರಮೆಯ ಮೇಲೆ ನಿಂತದ್ದು, ಆದ್ದರಿಂದ ವೃದ್ಧರಿಗೆ ಅವನ್ನು ಕೊಡುವುದು ತಪ್ಪು ಎಂದು ವಾದಿಸುವ ತತ್ವಶಾಸ್ತ್ರಜ್ಞರೂ ಇದ್ದಾರೆ. ನನ್ನ ನಿಲುವು ಸ್ವಲ್ಪ ಬೇರೆ. ಅವರ ಮೆಚ್ಚುಗೆಯನ್ನು ಬಳಸಿಕೊಂಡು ಅವರ ಬಳಿಯಿಂದ ನಾವು ಎದ್ದುಹೋದರೆ, ಬೆಕ್ಕಿದೆಯಲ್ಲ ಎಂದು ಕೋಣೆಯ ಬಾಗಿಲು ಮುಂದೆಮಾಡಿಕೊಂಡು ನಮ್ಮ ಕೆಲಸಕ್ಕೆ ಹೋದರೆ, ಅದು ಮೋಸ. ಬೆಕ್ಕನ್ನು ಜೀವಂತವೆಂದು ನಾವಾಗಿ ಹೇಳಬೇಕಾಗಿಲ್ಲ, ಅಲ್ಲವೆಂದು ದಿನಕ್ಕೆ ಹತ್ತು ಸಲ ತಿದ್ದಬೇಕಾಗಿಯೂ ಇಲ್ಲ. ‘ಪುಟ್ಟಿ ಮಲಗ್ಯಾಳ’ ಎಂದು ಅವರು ಹೇಳಿದರೆ ಮೆತ್ತಗಿದೆಯಲ್ಲವೇ ಎಂದು ನೀವೂ ಕೈಯಿಡಬಹುದು, ಅದರಲ್ಲಿ ಸುಳ್ಳಿಲ್ಲ. ಇದು ನಿಜದ ಬೆಕ್ಕೇ ಎಂದು ಅವರು ನೇರವಾಗಿ ಕೇಳಿದ ದಿನ, ಇದು ಯಂತ್ರದ್ದು, ನಿಮ್ಮ ಮಗ ನಿಮಗಾಗಿ ತಂದದ್ದು ಎಂದು ಶಾಂತವಾಗಿ ನಿಜ ಹೇಳಿ. ನಾನು ಕಂಡಂತೆ ಹೆಚ್ಚಿನವರು ಅದನ್ನು ಕೇಳಿ, ತಲೆಯಾಡಿಸಿ, ಮತ್ತೆ ಸವರುವುದನ್ನು ಮುಂದುವರಿಸುತ್ತಾರೆ. ಯಾರಾದರೂ ಅವಮಾನದಿಂದ ಅದನ್ನು ದೂರ ತಳ್ಳಿದರೆ ಅದೇ ಅವರ ಉತ್ತರ, ಮತ್ತೆ ಮಡಿಲಲ್ಲಿ ಇಡಬಾರದು. ಬೆಕ್ಕನ್ನು ಅಪಶಕುನವೆಂದು ಕಂಡು ಬೆಳೆದ ಹಿರಿಯರಿಗೆ ಇಂಥದ್ದನ್ನು ಕೊಡಲೇಬಾರದು. ನಿಮ್ಮ ತಾಯಿಯವರಿಗೆ ಹಾಗೇನೂ ಇಲ್ಲವೆಂಬುದು ಅವರ ನಡವಳಿಕೆಯಿಂದಲೇ ತಿಳಿಯುತ್ತದೆ.

ನೀವು ಮಾಡಬಹುದಾದದ್ದರಲ್ಲಿ ಮೊದಲನೆಯದು, ಬೆಕ್ಕಿನಿಂದ ಕಲಿಯುವುದು. ಪ್ರಶ್ನೆಗಳನ್ನು ನಿಲ್ಲಿಸಿ. ನಾನು ಯಾರು ಎನ್ನುವ ಬದಲು ನಿಮ್ಮ ಹೆಸರನ್ನು ನೀವೇ ಹೇಳಿ ಒಳಗೆ ಬನ್ನಿ. ಹಿಂದಿನಿಂದ ಬಂದು ಭುಜ ಮುಟ್ಟಬೇಡಿ. ಎದುರಿನಿಂದ ನಿಧಾನವಾಗಿ ಬಂದು, ಅವರ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ಎರಡನೆಯದು, ಬೆಕ್ಕಿಗೆ ಸಾಧ್ಯವಿಲ್ಲದ್ದನ್ನು ಮಾಡುವುದು. ಅದು ಸವರಿಸಿಕೊಳ್ಳುತ್ತದೆ, ತಿರುಗಿ ಸವರಲಾರದು. ನಮ್ಮ ರೋಮವಿರುವ ಚರ್ಮದಲ್ಲಿ, ಅಂದರೆ ಮುಂದೋಳಿನಂಥ ಕಡೆಗಳಲ್ಲಿ, ಮೃದುವಾದ ನಿಧಾನ ಸ್ಪರ್ಶಕ್ಕೆ ಮಾತ್ರ ಚೆನ್ನಾಗಿ ಸ್ಪಂದಿಸುವ ಒಂದು ಬಗೆಯ ನರತಂತುಗಳಿವೆ. ಸೆಕೆಂಡಿಗೆ ಸುಮಾರು 3 ಸೆಂಟಿಮೀಟರ್ ವೇಗದಲ್ಲಿ, ಮನುಷ್ಯರ ಚರ್ಮದಷ್ಟು ಬೆಚ್ಚಗಿರುವ ಕೈ ಸವರಿದಾಗ ಅವು ಹೆಚ್ಚು ಎಚ್ಚರಗೊಳ್ಳುತ್ತವೆ. ಮೊಣಕೈಯಿಂದ ಮಣಿಕಟ್ಟಿಗೆ ಬರಲು ಏಳೆಂಟು ಸೆಕೆಂಡು ಹಿಡಿಯುವಷ್ಟು ನಿಧಾನ ಅದು. ಕೂಸನ್ನು ಮಲಗಿಸುವ ತಾಯಂದಿರ ಕೈ ಯಾರೂ ಹೇಳಿಕೊಡದೆಯೇ ಈ ವೇಗದಲ್ಲಿ ಚಲಿಸುತ್ತದೆ. ಅವರು ಬೆಕ್ಕನ್ನು ಸವರುತ್ತಿರುವಾಗ ನೀವು ಪಕ್ಕದಲ್ಲಿ ಕುಳಿತು ಅವರ ತೋಳನ್ನು ಸವರಿ. ಮಾತು ಬೇಡ. ಬೇಕೆನ್ನಿಸಿದರೆ ಎರಡರ ಮಗ್ಗಿಯನ್ನು ರಾಗವಾಗಿ ತೊಡಗಿಸಿ ನೋಡಿ. ಮೂವತ್ತು ವರ್ಷ ಹೇಳಿಕೊಟ್ಟ ಲಯ ಪದಗಳಿಗಿಂತ ಆಳದಲ್ಲಿ ಕುಳಿತಿರುತ್ತದೆ, ನಡುವಿನ ಸಾಲನ್ನು ಅವರೇ ಎತ್ತಿಕೊಂಡರೂ ಆಶ್ಚರ್ಯವಿಲ್ಲ. ಎತ್ತಿಕೊಳ್ಳದಿದ್ದರೆ ನೀವೇ ಮುಗಿಸಿ, ಕಾಯಬೇಡಿ.

ಸಂಜೆಯ ತಳಮಳಕ್ಕೆ ಬೆಕ್ಕನ್ನು ತಳಮಳ ತೊಡಗಿದ ಮೇಲೆ ಕೊಡಬೇಡಿ, ಅದಕ್ಕೆ ಅರ್ಧ ಗಂಟೆ ಮೊದಲೇ, ಕತ್ತಲು ಕವಿಯುವ ಮುನ್ನ ದೀಪ ಹಾಕಿ ಕೊಡಿ. ಇಡೀ ದಿನ ಅವರ ಬಳಿಯೇ ಇಡದೆ, ನಡುನಡುವೆ ಎತ್ತಿಟ್ಟರೆ ಅದರ ಹೊಸತನವೂ ಉಳಿಯುತ್ತದೆ, ನಡೆದಾಡುವುದೂ ನಿಲ್ಲುವುದಿಲ್ಲ. ಒಂದು ಎಚ್ಚರಿಕೆ: ತಳಮಳ ಇದ್ದಕ್ಕಿದ್ದಂತೆ ಹೆಚ್ಚಾದರೆ, ಮುಟ್ಟಲು ಹೋದರೆ ಕೈ ತಳ್ಳಿದರೆ, ಉಸಿರು ಬಿರುಸಾದರೆ, ನರಳಿದರೆ, ಸಮಾಧಾನ ಮಾಡಿದರೂ ಶಾಂತವಾಗದಿದ್ದರೆ ಅದನ್ನು ಹಟವೆಂದು ತಿಳಿಯಬೇಡಿ. ಮಾತು ಕಳೆದುಕೊಂಡವರು ನೋವನ್ನು ಹೇಳುವ ರೀತಿ ಅದು. ಹಲ್ಲುನೋವು, ಮಲಬದ್ಧತೆ, ಮೂತ್ರದ ಸೋಂಕು, ಇಂಥವುಗಳನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿ. ಈ ಲಕ್ಷಣಗಳನ್ನು ಓದುವ ಕೆಲಸವನ್ನು ಯಾವ ಬೆಕ್ಕಿಗೂ ಯಾವ ಕ್ಯಾಮೆರಾಕ್ಕೂ ವಹಿಸಬೇಡಿ, ಮೂರು ವರ್ಷ ಅವರ ಮುಖ ನೋಡಿಕೊಂಡು ಬಂದವರು ನೀವು.

ನಿಮ್ಮ ತಮ್ಮ ಹೊಸ ರೋಬಾಟ್‌ಗೆ ಖರ್ಚು ಮಾಡಬೇಕೆಂದಿರುವ ಹಣವನ್ನು, ವಾರಕ್ಕೆ ಎರಡು ದಿನ ನಾಲ್ಕು ಗಂಟೆ ನಿಮ್ಮ ಬದಲು ಕೂರುವ ತರಬೇತಾದ ಆರೈಕೆದಾರರಿಗೆ ಕೊಡುವಂತೆ ಕೇಳಿ. ಮರೆಗುಳಿತನದ ಮನೆಯಲ್ಲಿ ಮೊದಲು ದಣಿಯುವ ಮುಖ ಆರೈಕೆ ಮಾಡುವವರದು, ಮತ್ತು ದಣಿದ ಮುಖವನ್ನು ನೋಡಿ ರೋಗಿ ನಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಯೋವೃದ್ಧರಿಗಾಗಿಯೇ ವಿಭಾಗವಿದೆ. ನಿಮ್ಮ ಮನಸ್ಸು ಭಾರವಾದ ದಿನ ಟೆಲಿಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಅದು ರೋಗಿಗಳಿಗಷ್ಟೇ ಅಲ್ಲ, ನೋಡಿಕೊಳ್ಳುವವರಿಗೂ ಇರುವ ಸೇವೆ.

ಬ್ಯಾಟರಿ ಬದಲಿಸುವುದನ್ನು ಅವರ ಕಣ್ಣೆದುರು ಮಾಡಬೇಡಿ, ಹೊಟ್ಟೆ ಬಿಚ್ಚಿದ ಬೆಕ್ಕನ್ನು ನೋಡಿ ಗಾಬರಿಯಾದವರನ್ನು ಕಂಡಿದ್ದೇನೆ. ತುಪ್ಪಳವನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಹಾಲಿನ ವಿಷಯಕ್ಕೆ ಗದರಬೇಡಿ. ಹಸಿದಿರಬಹುದಾದ ಜೀವಕ್ಕೆ ಹಾಲು ಕೊಡಬೇಕೆಂಬುದು ಅವರಲ್ಲಿ ಇನ್ನೂ ಉಳಿದಿದೆ. ಬೆಕ್ಕಿನಿಂದ ಒಂದು ಮಾರು ದೂರದಲ್ಲಿ ಬಟ್ಟಲಿಟ್ಟು, ಅದಕ್ಕೆ ಅವರ ಕೈಯಿಂದಲೇ ಸ್ವಲ್ಪ ಹಾಲು ಹಾಕಿಸಿ, ಉಳಿದದ್ದನ್ನು ಬೆಚ್ಚಗೆ ಎರಡು ಲೋಟಗಳಿಗೆ ಹೊಯ್ದು, ಒಂದನ್ನು ಅವರ ಕೈಗೆ ಕೊಟ್ಟು ಇನ್ನೊಂದನ್ನು ನೀವು ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿ. ನೀವು ಗುಟುಕರಿಸಿದರೆ ಅವರೂ ಗುಟುಕರಿಸುತ್ತಾರೆ.